ಉಳವಿಯ ಚಕ್ಕಡಿ, ಹಿಮದೂರಿನ ಕಾರು

ಹಿಮದ ಮೇಲೆ ಜಾರುವ ಆಟಕ್ಕೆಂದು ಸಾವಿರಾರು ಕಿಲೋಮೀಟರು ಕಾರು ಓಡಿಸಿಕೊಂಡು ಪರದೇಶದ ಗುಡ್ಡ ಹತ್ತುವುದು ನಮ್ಮ ಕಡೆಯವರಿಗೆ ತೀರ ಹೊಸ ಸಂಗತಿ ಎಂಬ ಮಾತಿದೆ. ಯುರೋಪಿನಲ್ಲಿ ನೆಲೆಸಿರುವ ಕನ್ನಡದ ಮನೆಗಳು ಫೆಬ್ರುವರಿಯ ಶಾಲಾ ರಜೆಗೆ ಆಲ್ಪ್ಸ್ ಕಡೆ ಹೊರಡುವ ಮುನ್ನ ಮಾಡಿಕೊಳ್ಳುವ ಪಟ್ಟಿ ನೋಡಿದರೆ ಹಾಗೆ ಅನ್ನಿಸುವುದೂ ಸಹಜ. ಚಳಿಗಾಲದ ಟೈರು, ಗಾಲಿಗೆ ಸುತ್ತುವ ಸರಪಳಿ, ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ 1985ರಿಂದ ಕಡ್ಡಾಯವಾಗಿರುವ ಸುಂಕದ ಚೀಟಿ, ವಿಮೆಯ ಕಾಗದ, ವೀಸಾ, ನಡುದಾರಿಯಲ್ಲಿ ಮಲಗಲು ಒಂದು ಊರು, ಮಕ್ಕಳ ಬಾಯಿಗೆ ತಿಂಡಿ. ಹುಬ್ಬಳ್ಳಿಯ ಅಂಚಿನ ಗೋಪನಕೊಪ್ಪದಂಥ ಊರಿನ ಹಿಂದಿನ ತಲೆಮಾರುಗಳಿಗೆ ಇದೆಲ್ಲ ಅನ್ಯಲೋಕವಾಗಿತ್ತು ಎಂದು ನಾವು ಲೆಕ್ಕ ಹಾಕಿಬಿಡುತ್ತೇವೆ. ಈ ಲೆಕ್ಕದಲ್ಲಿ ದೋಷವಿದೆ. ಅದೇ ಫೆಬ್ರುವರಿಯಲ್ಲಿ, ಮಾಘ ಮಾಸದ ಭಾರತ ಹುಣ್ಣಿಮೆಯ ಹೊತ್ತಿಗೆ, ಧಾರವಾಡ ಸೀಮೆಯ ರೈತರು ಎತ್ತು ಹೂಡಿಕೊಂಡು ಕಾಡುದಾರಿಯಲ್ಲಿ ಉಳವಿಯ ಚನ್ನಬಸವೇಶ್ವರನ ಜಾತ್ರೆಗೆ ಹೋಗುತ್ತ ಬಂದಿದ್ದಾರೆ. ದೂರದ ದಾರಿಗೆ ಸಜ್ಜಾಗುವ ವಿದ್ಯೆ ಚಕ್ಕಡಿಯ ಕಾಲಕ್ಕೇ ಪಕ್ವವಾಗಿತ್ತು. ಕಾರು ಮಾಡಿದ ಕೆಲಸ ಬೇರೆ. ಊರು ಕೂಡಿ ಮಾಡುತ್ತಿದ್ದ ತಯಾರಿಯನ್ನು ಅದು ಒಂದೊಂದು ಮನೆಯ ತಲೆಗೆ ಕಟ್ಟಿತು. ಇಲ್ಲಿನ ವಾದ ಇಷ್ಟೇ.

ಗೋಪನಕೊಪ್ಪ ಈಗ ಕೇಶ್ವಾಪುರ, ಬೆಂಗೇರಿಗಳ ಮಗ್ಗುಲಲ್ಲಿ ಮಹಾನಗರ ಪಾಲಿಕೆಯ ಹೊಟ್ಟೆಯೊಳಗೆ ಸೇರಿಹೋಗಿದೆ. ಹುಬ್ಬಳ್ಳಿ-ಧಾರವಾಡ ಪಾಲಿಕೆ ಆದದ್ದು 1962ರಲ್ಲಿ. ಅದಕ್ಕೂ ಮುಂಚೆ ಇಂಥ ಊರುಗಳಿಗೆ ಹುಬ್ಬಳ್ಳಿ ಎಂದರೆ ಪ್ಯಾಟಿ, ತಮ್ಮದು ಎರಿ ಹೊಲದ ಹಳ್ಳಿ. ಇಲ್ಲಿಂದ ಉಣಕಲ್, ಧಾರವಾಡ, ಹಳಿಯಾಳ, ದಾಂಡೇಲಿ ದಾಟಿ, ಪೊಟೋಳಿ, ಗುಂದದ ಕಾಡಿನ ಮೂಲಕ ಜೋಯಿಡಾ ತಾಲ್ಲೂಕಿನ ಉಳವಿಗೆ 120ರಿಂದ 130 ಕಿಲೋಮೀಟರು. ಕಲ್ಯಾಣದ ಕ್ರಾಂತಿಯ ನಂತರ ಶರಣರ ತಂಡವನ್ನು ಕರೆದುಕೊಂಡು ಬಂದ ಚನ್ನಬಸವಣ್ಣ ಐಕ್ಯವಾದ ಜಾಗ ಇದೆಂಬುದು ಲಿಂಗಾಯತರ ನಂಬಿಗೆ. ಭಾರ ಹೊತ್ತ ಜೋಡೆತ್ತು ಗಂಟೆಗೆ ಮೂರು-ನಾಲ್ಕು ಕಿಲೋಮೀಟರಿಗಿಂತ ಹೆಚ್ಚು ನಡೆಯುವುದಿಲ್ಲ. ದಿನಕ್ಕೆ ಇಪ್ಪತ್ತೈದು-ಮೂವತ್ತು ಕಿಲೋಮೀಟರು ಹೊಡೆದರೂ ಹೋಗಲು ನಾಲ್ಕೈದು ದಿನ, ಬರಲು ಅಷ್ಟೇ ದಿನ, ಅಲ್ಲಿ ಇರಲು ಒಂದೆರಡು ದಿನ. ಒಂದು ಒಕ್ಕಲುತನದ ಮನೆ ಹತ್ತು-ಹನ್ನೆರಡು ದಿನ ಎತ್ತು, ಆಳು, ಹೆಂಗಸರು, ಮಕ್ಕಳನ್ನು ಹೊರಗೆ ಕಳಿಸಿ ಉಳಿಯಬೇಕಾದರೆ ಅದು ಸುಮ್ಮನೆ ಎದ್ದು ಹೋಗುವ ಕೆಲಸವಲ್ಲ.

ಮೊದಲು ದಿನಾಂಕವನ್ನೇ ನೋಡಿ. ಮಾಘದ ಹುಣ್ಣಿಮೆಗೆ ಮುಂಗಾರಿ ಮಾಲು ಮನೆ ಸೇರಿರುತ್ತದೆ, ಹಿಂಗಾರಿ ಬಿಳಿಜೋಳ ಇನ್ನೂ ಹೊಲದಲ್ಲಿ ನಿಂತಿರುತ್ತದೆ. ನಡುವೆ ಸಿಗುವ ಬಿಡುವು ಅದು. ಮಳೆ ನಿಂತು ತಿಂಗಳುಗಳಾಗಿ ಕಾಡಿನ ದಾರಿ ಒಣಗಿದೆ, ಆದರೆ ಕೆರೆ-ಹಳ್ಳದ ನೀರು ಪೂರ್ತಿ ಬತ್ತಿಲ್ಲ. ಬಿಸಿಲು ಇನ್ನೂ ಎತ್ತಿನ ಬಾಯಲ್ಲಿ ನೊರೆ ತರಿಸುವಷ್ಟು ಏರಿಲ್ಲ. ಇನ್ನು ಹುಣ್ಣಿಮೆಗೆ ಮುಂಚಿನ ನಾಲ್ಕೈದು ರಾತ್ರಿಗಳೆಂದರೆ ಸಂಜೆಯಿಂದಲೇ ಬೆಳದಿಂಗಳು. ಹಗಲು ಹೊತ್ತು ಏರಿದ ಮೇಲೆ ಎತ್ತು ಬಿಟ್ಟು ಮಲಗಿ, ತಂಪಿನಲ್ಲಿ ಮತ್ತೆ ಹೂಡುವವರಿಗೆ ಅದಕ್ಕಿಂತ ಒಳ್ಳೆಯ ದೀಪ ಇರಲಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದ ದೊಡ್ಡ ಜಾತ್ರೆಗಳೂ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೇ ಬೀಳುತ್ತವೆ. ಪಂಚಾಂಗವನ್ನು ಶಾಸ್ತ್ರದ ಪುಸ್ತಕವೆಂದಷ್ಟೇ ಓದುವವರು ಅದರೊಳಗಿನ ಈ ದಾರಿಲೆಕ್ಕವನ್ನು ಕಾಣುವುದಿಲ್ಲ. ದೇವರ ಕಾರಣ ಒಪ್ಪುವವರು ಒಪ್ಪಲಿ. ಎತ್ತಿನ ಕಾರಣ ಕೂಡ ಅಷ್ಟೇ ಗಟ್ಟಿಯಾಗಿದೆ.

ಗಾಡಿಯ ತಯಾರಿಗೆ ಬಂದರೆ ವಿಷಯ ಇನ್ನೂ ಸೂಕ್ಷ್ಮ. ಕಟ್ಟಿಗೆಯ ಗಾಲಿಗೆ ಕಬ್ಬಿಣದ ಹಳಿ ಕೂಡ್ರಿಸುವಾಗ ಕಮ್ಮಾರ ಹಳಿಯನ್ನು ಕೆಂಪಗೆ ಕಾಯಿಸಿ ಗಾಲಿಗೆ ಏರಿಸಿ ತಣ್ಣೀರು ಹೊಯ್ಯುತ್ತಾನೆ. ಹಳಿ ಕುಗ್ಗಿ ಕಟ್ಟಿಗೆಯನ್ನು ಕಚ್ಚಿ ಹಿಡಿಯುತ್ತದೆ. ಚಳಿಗಾಲದ ಒಣಗಾಳಿಗೆ ಕಟ್ಟಿಗೆ ಸೊರಗಿದರೆ ಹಳಿ ಸಡಿಲಾಗುತ್ತದೆ, ಕಲ್ಲುದಾರಿಯ ಇಳುಕಲಿನಲ್ಲಿ ಕಳಚಿ ಉರುಳುತ್ತದೆ. ಆದ್ದರಿಂದ ಹೊರಡುವ ಮುಂಚೆ ಗಾಲಿ ಬಿಚ್ಚಿ ನೀರಿನಲ್ಲಿ ನೆನೆಹಾಕುವುದು, ಹಳಿ ತೀರ ಸವೆದಿದ್ದರೆ ಹೊಸದು ಹೊಡೆಸುವುದು, ಕಡಾಣಿ ಬದಲಿಸುವುದು, ಅಚ್ಚಿಗೆ ಕೀಲೆಣ್ಣೆ ಹಚ್ಚಿ ಉಳಿದದ್ದನ್ನು ಗಾಡಿಯಡಿ ಕಟ್ಟಿಕೊಳ್ಳುವುದು. ಎತ್ತಿನ ಗೊರಸು ಸೀಳಿದ್ದರಿಂದ ಒಂದೊಂದು ಕಾಲಿಗೆ ಎರಡು, ಒಂದು ಎತ್ತಿಗೆ ಎಂಟು ನಾಲು. ಹೊಲದ ಮೆತ್ತನೆಯ ಎರಿ ಮಣ್ಣಿನಲ್ಲಿ ನಡೆದ ಗೊರಸು ಕಾಡಿನ ಜಂಬಿಟ್ಟಿಗೆ ನೆಲಕ್ಕೆ ತಡೆಯುವುದಿಲ್ಲವೆಂದು ನಾಲು ಬಡಿಸಲೇಬೇಕು. ಅದನ್ನು ಹೊರಡುವ ಹಿಂದಿನ ದಿನ ಬಡಿಸಿದರೆ ಎತ್ತು ಕುಂಟಬಹುದು, ನಾಲ್ಕು ದಿನ ಮೊದಲೇ ಬಡಿಸಿ ನಡೆಸಿ ನೋಡುವುದು ಜಾಣತನ. ಮೇವಿನ ಲೆಕ್ಕ ಎಲ್ಲಕ್ಕಿಂತ ಬಿಗಿ. ಬಯಲುಸೀಮೆಯ ಎತ್ತಿಗೆ ಜೋಳದ ಕಣಕಿ ರೂಢಿ. ದಾಂಡೇಲಿ ದಾಟಿದ ಮೇಲೆ ಕಣಕಿ ಸಿಗುವುದಿಲ್ಲ, ಸಿಕ್ಕರೆ ಭತ್ತದ ಹುಲ್ಲು. ಹೆಚ್ಚು ಕಣಕಿ ಹೇರಿದರೆ ಮಂದಿಗೆ ಜಾಗವಿಲ್ಲ, ಕಡಿಮೆ ಹೇರಿದರೆ ವಾಪಸು ಬರುವಾಗ ಎತ್ತು ಸೋಲುತ್ತದೆ. ಹಿಂಡಿ, ಹತ್ತಿಕಾಳುಗಳು ಕಡಿಮೆ ಜಾಗದಲ್ಲಿ ಹೆಚ್ಚು ಕಸುವು ಕೊಡುವ ವಸ್ತುಗಳಾದ್ದರಿಂದ ದೂರದ ದಾರಿಗೆ ಅವಕ್ಕೆ ಮೊದಲ ಸ್ಥಾನ. ಮನುಷ್ಯರ ಬುತ್ತಿಗೂ ಇದೇ ನ್ಯಾಯ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾದಲಿ, ಕರ್ಚಿಕಾಯಿ, ಶೇಂಗಾ ಹೋಳಿಗಿ. ಇವುಗಳಲ್ಲಿ ಒಂದೂ ಹಸಿ ಪದಾರ್ಥವಲ್ಲ, ಒಂದೂ ವಾರದೊಳಗೆ ಹಳಸುವುದಿಲ್ಲ. ಇಂದು ಉತ್ತರ ಕರ್ನಾಟಕದ ವಿಶೇಷ ಅಡುಗೆಯೆಂದು ಪ್ಯಾಕೆಟ್ಟಿನಲ್ಲಿ ಮಾರುವ ಅರ್ಧಕ್ಕರ್ಧ ತಿನಿಸು ಪ್ರಯಾಣದ ಅಗತ್ಯಕ್ಕೆ ಒದಗುವಂಥದೇ. ಜೂಲ, ಗೆಜ್ಜೆಸರ, ಕೋಡಿಗೆ ಹಚ್ಚುವ ಬಣ್ಣ ಇವೆಲ್ಲ ಚಂದಕ್ಕೆ ಎನ್ನಬಹುದು, ಆದರೆ ಗೆಜ್ಜೆಯ ಸಪ್ಪಳ ಬೆಳದಿಂಗಳ ಕಾಡಿನಲ್ಲಿ ಹಿಂದಿನ ಗಾಡಿಗೆ ಮುಂದಿನದರ ಗುರುತು.

ಇಲ್ಲೊಂದು ಆಕ್ಷೇಪ ಬರುತ್ತದೆ: ಇದು ಯೋಜನೆಯಲ್ಲ, ವಾಡಿಕೆ. ಅಜ್ಜ ಮಾಡಿದ, ಅಪ್ಪ ಮಾಡಿದ, ಮಗ ಮಾಡಿದ. ಯಾರೂ ಕೂತು ವಿಚಾರ ಮಾಡಲಿಲ್ಲ. ಆಕ್ಷೇಪಕ್ಕೆ ಬಲವಿಲ್ಲದಿಲ್ಲ. ಆದರೆ ವಾಡಿಕೆ ಎಂದು ಕರೆದ ಮಾತ್ರಕ್ಕೆ ಪ್ರತಿವರ್ಷದ ನಿರ್ಧಾರಗಳು ಮಾಯವಾಗುವುದಿಲ್ಲ. ಮಳೆ ಕೈಕೊಟ್ಟ ವರ್ಷ ಕಣಕಿ ಎಷ್ಟು, ಯಾವ ಎತ್ತು ದಾರಿಗೆ ತಕ್ಕದ್ದು, ಯಾವುದನ್ನು ಮನೆಯಲ್ಲಿ ಬಿಡಬೇಕು, ಬಸುರಿ ಹೆಣ್ಣುಮಗಳನ್ನು ಕರೆದೊಯ್ಯಬೇಕೋ ಬೇಡವೋ, ಯಾವ ಕೆರೆಯ ದಂಡೆಯಲ್ಲಿ ಇಳಿಯಬೇಕು, ಇವನ್ನು ವಾಡಿಕೆ ಹೇಳಿಕೊಡುವುದಿಲ್ಲ. ವಾಡಿಕೆ ಹೇಳಿಕೊಡುವುದು ಇವನ್ನು ಯಾರು ನಿರ್ಧರಿಸಬೇಕು ಎಂಬುದನ್ನು. ಗಾಡಿಗಳು ಒಂಟಿಯಾಗಿ ಹೋಗುತ್ತಿರಲಿಲ್ಲ, ಸಾಲಾಗಿ ಹೋಗುತ್ತಿದ್ದವು. ದಾರಿ ಬಲ್ಲವನ ಗಾಡಿ ಮುಂದೆ, ಎಳೆಯ ಎತ್ತಿನ ಗಾಡಿಗಳು ನಡುವೆ. ಒಂದು ಗಾಡಿಯ ಅಚ್ಚು ಮುರಿದರೆ ಸಾಲು ನಿಲ್ಲುತ್ತದೆ, ಅದರ ಮಂದಿ ಮತ್ತು ಸಾಮಾನು ಉಳಿದ ಗಾಡಿಗಳಿಗೆ ಹಂಚಿಹೋಗುತ್ತದೆ. ದಾರಿಯ ಊರುಗಳವರು ಯಾತ್ರಿಕರಿಗೆ ಅಂಬಲಿ, ಮಜ್ಜಿಗೆ, ಎತ್ತಿಗೆ ನೀರು-ಮೇವು ಕೊಡುವುದು, ಮಠಗಳಲ್ಲಿ ದಾಸೋಹ ನಡೆಯುವುದು ಪುಣ್ಯದ ಕೆಲಸವೆಂದು ನಡೆದುಬಂದಿದೆ. ಪುಣ್ಯದ ಜೊತೆಗೆ ಅದರಲ್ಲಿ ಕೊಡುಕೊಳ್ಳುವಿಕೆಯೂ ಇದೆ: ಇಂದು ಉಳವಿಗೆ ಹೋಗುವವರನ್ನು ಉಣಿಸಿದ ಊರು ನಾಳೆ ಎಲ್ಲಮ್ಮನಿಗೆ ಹೊರಟಾಗ ಬೇರೆ ಊರಿನಲ್ಲಿ ಉಣ್ಣುತ್ತದೆ. ಹೋಟೆಲು, ಗ್ಯಾರೇಜು, ವಿಮೆ ಈ ಮೂರೂ ಒದಗಿಸುವ ಸೇವೆಗಳು ಒಂದು ಪೈಸೆಯ ರಸೀದಿ ಇಲ್ಲದೆ ಅಲ್ಲಿ ಸೇರಿಕೊಂಡಿದ್ದವು.

ಇನ್ನೊಂದು ಆಕ್ಷೇಪ ಇತಿಹಾಸ ಓದಿದವರದು. ದಾರಿಯೇ ಇಲ್ಲದ ಕಾಲದಲ್ಲಿ ದೂರ ಪ್ರಯಾಣ ಎಲ್ಲಿಯದು, ಬ್ರಿಟಿಷರು ರಸ್ತೆ ಮಾಡಿದ ಮೇಲೆ ತಾನೇ ಇದೆಲ್ಲ, ಎಂಬುದು ಅದು. ರಸ್ತೆಯ ಮಟ್ಟಿಗೆ ಇದು ಬಹುಪಾಲು ನಿಜ. ಅದಕ್ಕೂ ಹಿಂದೆ ಘಟ್ಟದ ಸಾಗಣೆ ನಡೆದದ್ದು ಲಂಬಾಣಿಗರ ಹೇರೆತ್ತುಗಳ ಬೆನ್ನ ಮೇಲೆ. ಧಾನ್ಯ ಕೆಳಗಿಳಿಯುತ್ತಿತ್ತು, ಉಪ್ಪು ಮೇಲೇರುತ್ತಿತ್ತು. ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿನಿಂದ ಮುಂಬಯಿಗೆ ಹಡಗೇರುತ್ತಿದ್ದುದರಿಂದ ಮುಂಬಯಿ ಪ್ಯಾಟಿಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು ಬಿತ್ತು, ಬೆಳೆದ ಊರಿನ ಹೆಸರು ಹಿಂದೆ ಉಳಿಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ತಪ್ಪಿದಾಗ ಎಲ್ಲರ ಕಣ್ಣೂ ಈ ಎರಿ ನೆಲದ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ತೆಗೆದು ಮುಂಬಯಿಗೆ ಸೇರಿಸಿದ್ದರ ಹಿಂದೆ ಕಾರವಾರ ಬಂದರಿಗೂ ಹತ್ತಿಯ ಹೊಲಗಳಿಗೂ ನೇರ ದಾರಿ ಮಾಡುವ ಹವಣಿಕೆ ಇತ್ತು. ಅರಬೈಲು, ಕೈಗಾ ಘಟ್ಟಗಳ ರಸ್ತೆ ಆ ಒತ್ತಡದ ಕೂಸು. ಆದರೆ ರಸ್ತೆ ಮಾಡಿದವರು ಅದರ ಮೇಲೆ ನಡೆಯುವುದನ್ನು ಕಲಿಸಲಿಲ್ಲ. ಅಂಡಿಗೆ ಹೇರಿಕೊಂಡು ಘಟ್ಟ ಇಳಿಯುವಾಗ ಹಗ್ಗದಿಂದ ಎಳೆದು ಗಾಲಿಗೆ ಒತ್ತುವ ಕಟ್ಟಿಗೆಯ ತಡೆಯನ್ನು ಎಷ್ಟು ಬಿಗಿಯಬೇಕು, ಏರಿಗೆ ಎಲ್ಲಿ ಜೋಡಿ ಸೇರಿಸಬೇಕು, ಎಲ್ಲಿ ನೀರಿದೆ, ಎಲ್ಲಿ ಹುಲಿಯ ಭಯ, ಇದೆಲ್ಲ ಬಾಡಿಗೆ ಚಕ್ಕಡಿಯವರ ಬಾಯಲ್ಲಿ ಕೂಡಿಬಿದ್ದ ಜ್ಞಾನ. ಜಾತ್ರೆಯ ಸಾಲಿನಲ್ಲಿ ಮುಂದಿನ ಗಾಡಿ ಹೊಡೆಯುವವನು ಹತ್ತಿ ಸಾಗಿಸಿ ಪಳಗಿದವನಾಗಿದ್ದರೆ ಅದು ಎಲ್ಲರ ಪಾಲಿಗೂ ಲಾಭ. ದುಡಿಮೆಯ ದಾರಿ ಮತ್ತು ದೇವರ ದಾರಿ ಒಂದರಿಂದ ಒಂದು ಸಾಲ ತಂದವು.

ಪರದೇಶದ ಮಾತೂ ಇಲ್ಲಿ ಹೊಸದಲ್ಲ. ಹುಬ್ಬಳ್ಳಿಯವರಿಗೆ ಪರದೇಶವೆಂಬುದು ಸಮುದ್ರದಾಚೆ ಇರಲಿಲ್ಲ, ಅರ್ಧ ದಿನದ ರೈಲುದಾರಿಯಲ್ಲಿತ್ತು. 1878ರ ಕೊನೆಗೆ ಬ್ರಿಟಿಷರೂ ಪೋರ್ಚುಗೀಸರೂ ಒಪ್ಪಂದ ಮಾಡಿಕೊಂಡು ಗಡಿಯ ಸುಂಕವನ್ನು ಒಂದುಗೂಡಿಸಿದರು, ಮುರಗಾಂವ ಬಂದರಿನಿಂದ ಘಟ್ಟ ಹತ್ತುವ ರೈಲಿಗೆ ದಾರಿಯಾಯಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯನ್ನು ಮುಟ್ಟಿ, ಲೋಂಡಾ, ಕ್ಯಾಸಲ್ ರಾಕ್ ಮೂಲಕ ಗೋವೆಯ ಹಳಿಗೆ ಕೂಡಿಕೊಂಡಿತು. ಕಾರವಾರದ ಬಂದರಿಗೆ ಹೋಗಬೇಕಾಗಿದ್ದ ಹತ್ತಿ ಅತ್ತ ತಿರುಗಿತು. 1892ರಲ್ಲಿ ಒಪ್ಪಂದ ಮುಗಿದ ಮೇಲೆ ಗಡಿಯಲ್ಲಿ ಮತ್ತೆ ಸುಂಕ. ಗೋವೆಗೆ ಹೋಗಿ ಬರುವವನು ಯಾವ ಸಾಮಾನು ಒಯ್ಯಬಹುದು, ಯಾವುದು ತರಬಾರದು ಎಂದು ಮೊದಲೇ ವಿಚಾರಿಸಿಕೊಳ್ಳಬೇಕಾಯಿತು. 1955ರ ಹೊತ್ತಿಗೆ ದಿಗ್ಬಂಧನ ಬಿಗಿದು ಆ ದಾರಿಯ ರೈಲೇ ನಿಂತಿತು. 1961ರ ಡಿಸೆಂಬರ್ 19ರ ತನಕ ಗೋವೆ ಬೇರೆ ದೇಶ. ಇವತ್ತು ಶುಕ್ರವಾರ ರಾತ್ರಿ ಹೊರಟು ರವಿವಾರ ಬರುವ ಹುಡುಗರಿಗೆ ಈ ಮಾತು ಹೇಳಿದರೆ ನಗುತ್ತಾರೆ.

ಗಡಿಯಲ್ಲಿ ತಡೆದದ್ದು ಸುಂಕವೊಂದೇ ಅಲ್ಲ, ರೋಗವೂ ಹೌದು. ಪ್ಲೇಗು ಹಬ್ಬಿದಾಗ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದು ಪ್ರಯಾಣಿಕರನ್ನು ತಪಾಸಣೆ ಮಾಡುವ, ತಡೆದು ನಿಲ್ಲಿಸುವ ಅಧಿಕಾರ ಸರಕಾರದ ಕೈಗೆ ಹೋಯಿತು; ಹುಬ್ಬಳ್ಳಿ ಆ ಪ್ಲೇಗಿನಲ್ಲಿ ನೊಂದ ಊರು. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದಾಗ ದನದ ಸಂತೆ, ಜಾತ್ರೆ, ಸಾಗಣೆಗಳಿಗೆ ಜಿಲ್ಲಾಡಳಿತಗಳು ತಡೆ ಹಾಕಿದವು. ಆಲ್ಪ್ಸ್‌ಗೆ ಹೊರಟವರು ಹೊರಡುವ ಮುನ್ನ ನಿಯಮಗಳನ್ನು ತಿರುವಿಹಾಕುವ ಕಸರತ್ತಿಗೆ ನಮ್ಮ ಚಕ್ಕಡಿಯವರು ಅಪರಿಚಿತರಲ್ಲ ಎನ್ನಲು ಇಷ್ಟು ಸಾಕು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನು ಬರುವುದು: ಜಾತ್ರೆ ಹರಕೆಯ ವಿಷಯ, ರಜೆ ಮೋಜಿನ ವಿಷಯ, ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿಸಬಾರದು. ಮೋಜಿನ ಪ್ರಯಾಣವನ್ನು ನಮಗೆ ಕಲಿಸಿದ್ದು ಮುಂಬಯಿ ಗವರ್ನರ್ ಜಾನ್ ಮಾಲ್ಕಮ್ 1828ರ ಸುಮಾರಿಗೆ ಮಹಾಬಳೇಶ್ವರದಲ್ಲಿ ನೆಲೆಗೊಳಿಸಿದ ಬೇಸಿಗೆಯ ಗಿರಿಧಾಮ, ಆಮೇಲೆ 1956ರಲ್ಲಿ ಕೇಂದ್ರ ನೌಕರರಿಗೆ ಸಿಕ್ಕ ರಜಾ ಪ್ರಯಾಣದ ರಿಯಾಯಿತಿ, ಎಂದು ಈ ಪಕ್ಷದವರು ಸಾಧಿಸುತ್ತಾರೆ. ನನಗೆ ಈ ಗೆರೆ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಜಾತ್ರೆಯಲ್ಲಿ ತೇರಿನ ಜೊತೆಗೆ ಬೆಂಡು-ಬತ್ತಾಸು, ಬಳೆ, ಕುಸ್ತಿ, ನಾಟಕ, ದನದ ವ್ಯಾಪಾರ, ಮದುವೆಯ ಮಾತುಕತೆ ಎಲ್ಲವೂ ಇದ್ದವು. ವರ್ಷವಿಡೀ ಒಲೆ-ಹೊಲಗಳ ನಡುವೆ ಓಡಾಡುವ ಹೆಣ್ಣುಮಕ್ಕಳಿಗೆ ಅತ್ತೆಯ ಅಪ್ಪಣೆ ಕೇಳದೆಯೇ ಹತ್ತು ದಿನ ಹೊರಗಿರಲು ಸಿಗುತ್ತಿದ್ದ ಕಾರಣ ದೇವರೊಂದೇ. ಆ ಕಾರಣದ ಕೆಳಗೆ ಎಷ್ಟು ಭಕ್ತಿ, ಎಷ್ಟು ಬಿಡುವಿನ ಆಸೆ ಇತ್ತೆಂದು ಬಿಡಿಸಿ ತೂಗುವುದು ಯಾರಿಂದಲೂ ಆಗದು. ಹಿಮದಾಟದ ಚರಿತ್ರೆಯನ್ನೇ ತೆಗೆದುಕೊಳ್ಳಿ. ಆಲ್ಪ್ಸ್‌ನ ಹಳ್ಳಿಗರಿಗೆ ಚಳಿಗಾಲ ಕೆಲಸವಿಲ್ಲದ ಕಾಲ, ದನ ಕೊಟ್ಟಿಗೆಯಲ್ಲಿ, ಹೊಲ ಹಿಮದಡಿ. 1860ರ ದಶಕದಿಂದ ಸೇಂಟ್ ಮೊರಿಟ್ಜ್‌ನಂಥ ಕಡೆ ಇಂಗ್ಲೆಂಡಿನ ಸಿರಿವಂತರು ಚಳಿಗಾಲ ಕಳೆಯಲು ಬರತೊಡಗಿ, 1922ರಲ್ಲಿ ಮ್ಯೂರೆನ್‌ನಲ್ಲಿ ಆರ್ನಲ್ಡ್ ಲನ್ ಸ್ಲಾಲಮ್ ಪಂದ್ಯಕ್ಕೆ ಇಂದಿನ ರೂಪ ಕೊಡುವ ಹೊತ್ತಿಗೆ, ಆ ಬಿಡುವಿನ ರೈತರೇ ಕೋಣೆ ಬಾಡಿಗೆಗೆ ಕೊಡುವವರು, ದಾರಿ ತೋರಿಸುವವರು, ಜಾರುವುದನ್ನು ಕಲಿಸುವವರು ಆಗಿದ್ದರು. ಎರಡೂ ಕಡೆ ಒಕ್ಕಲುತನದ ಬಿಡುವೇ ಪ್ರಯಾಣದ ಬುನಾದಿ. ವ್ಯತ್ಯಾಸ ಇಷ್ಟು: ನಮ್ಮಲ್ಲಿ ಬಿಡುವಿದ್ದ ರೈತ ತಾನೇ ಗಾಡಿ ಹೂಡಿದ, ಅಲ್ಲಿ ಬಿಡುವಿದ್ದ ರೈತ ಬಂದವರಿಗೆ ಬಾಗಿಲು ತೆರೆದ. 1965ರಲ್ಲಿ ಮಾಂಟ್ ಬ್ಲಾಂಕ್ ಸುರಂಗ, 1994ರಲ್ಲಿ ಇಂಗ್ಲಿಷ್ ಕಾಲುವೆಯಡಿಯ ಸುರಂಗ ತೆರೆದ ಮೇಲೆ ಮನೆ ಬಾಗಿಲಿಂದ ಹಿಮದ ತನಕ ಕಾರಿನಲ್ಲೇ ಹೋಗುವುದು ಸಾಮಾನ್ಯರ ಕೈಗೂ ಎಟುಕಿತು.

ಹಾಗೆಂದು ಚಕ್ಕಡಿಯ ಕಾಲವನ್ನು ಕೊಂಡಾಡಲು ಹೊರಟರೆ ಸತ್ಯಕ್ಕೆ ದ್ರೋಹ. ಗಾಡಿಯ ಸಾಲು ಎತ್ತಿದ್ದವರ ಸಾಲು. ಕೂಲಿಯವನು ನಡೆದುಕೊಂಡು ಹೋದ, ಇಲ್ಲವೇ ಒಡೆಯನ ಎತ್ತು ಕಾಯುತ್ತ ಹೋದ, ಇಲ್ಲವೇ ಹೋಗಲಿಲ್ಲ. ಕೆರೆಯ ದಂಡೆಯಲ್ಲಿ ಎಲ್ಲರೂ ಒಂದೇ ಮೆಟ್ಟಿಲಿನಿಂದ ನೀರು ಮುಟ್ಟಲಿಲ್ಲ. ಜಾತಿಭೇದವನ್ನು ಕಿತ್ತೆಸೆಯಲು ಹೊರಟ ಶರಣರ ನೆನಪಿನ ದಾರಿಯಲ್ಲೂ ಜಾತಿಯ ಲೆಕ್ಕ ತಪ್ಪಲಿಲ್ಲ. 1876-78ರ ಬರದಂಥ ಕಾಲದಲ್ಲಿ ಎತ್ತೇ ಉಳಿಯದ ಮನೆಗೆ ಪ್ರಯಾಣದ ಮಾತೇ ಇಲ್ಲ. ಊರು ಯೋಜನೆ ಮಾಡುತ್ತಿತ್ತು ಎಂದಾಗ ಊರಿನೊಳಗೆ ಯಾರ ಮಾತು ನಡೆಯುತ್ತಿತ್ತು ಎಂಬ ಪ್ರಶ್ನೆಯನ್ನು ಮರೆಯುವಂತಿಲ್ಲ. ಬಸ್ಸು ಈ ಕಟ್ಟನ್ನು ಮೊದಲು ಸಡಿಲಿಸಿತು. ಟಿಕೆಟ್ಟಿನ ಕಾಸಿದ್ದರೆ ಸಾಕು, ಯಾರ ಸಾಲಿಗೂ ಕಾಯಬೇಕಿಲ್ಲ, ಯಾರ ಪಕ್ಕ ಕೂಡಬೇಕೆಂದು ಗೌಡ ಹೇಳಬೇಕಿಲ್ಲ. 1997ರಲ್ಲಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಹುಬ್ಬಳ್ಳಿಯನ್ನೇ ಕೇಂದ್ರ ಮಾಡಿಕೊಂಡು ಬೇರೆಯಾಯಿತು. ಜಾತ್ರೆಯ ವಿಶೇಷ ಬಸ್ಸುಗಳು ಎತ್ತಿಲ್ಲದವರ ಚಕ್ಕಡಿಗಳೇ.

ಕಾರು ಬಂದಾಗ ಆದ ಬದಲಾವಣೆ ಇನ್ನೊಂದು ತರದ್ದು. ಅದು ಬಿಡುಗಡೆಯನ್ನು ಮನೆಯೊಳಕ್ಕೆ ತಂದಿತು, ಅದರ ಜೊತೆಗೆ ಚಿಂತೆಯನ್ನೂ. 2021ರ ನವೆಂಬರಿನಿಂದ ಫ್ರಾನ್ಸಿನ ಗುಡ್ಡಗಾಡು ವಲಯಗಳಲ್ಲಿ ಚಳಿಗಾಲದ ಟೈರು ಇಲ್ಲವೇ ಸರಪಳಿ ಕಡ್ಡಾಯ. ಇದನ್ನು ಫ್ರಾಂಕ್‌ಫರ್ಟಿನ ಮನೆಯಲ್ಲಿ ಕೂತ ದಂಪತಿಗಳು ತಾವೇ ಪತ್ತೆ ಮಾಡಬೇಕು, ತಾವೇ ಕೊಳ್ಳಬೇಕು, ಕೊರೆಯುವ ಚಳಿಯಲ್ಲಿ ಗಾಲಿಗೆ ಸುತ್ತುವುದನ್ನೂ ತಾವೇ ಕಲಿಯಬೇಕು. ಹಿಂದಿನ ಸಾಲಿನಲ್ಲಿ ಹಳಿಯ ಚಿಂತೆ ಕಮ್ಮಾರನದು, ದಾರಿಯ ಚಿಂತೆ ಮುಂದಿನ ಗಾಡಿಯವನದು, ಮಲಗುವ ಚಿಂತೆ ಮಠದ್ದು. ಈಗ ಮೂರೂ ಚಿಂತೆ ಒಂದೇ ಅಡುಗೆಮನೆಯ ಮೇಜಿನ ಮೇಲೆ. ಅದನ್ನು ಹಗುರ ಮಾಡಲು ದುಡ್ಡು ಕೊಟ್ಟು ನಕ್ಷೆ, ವಿಮೆ, ಕಾಯ್ದಿರಿಸಿದ ಕೋಣೆಗಳನ್ನು ಕೊಳ್ಳುತ್ತೇವೆ, ಕೊಂಡಷ್ಟೂ ಪಟ್ಟಿ ಉದ್ದವಾಗುತ್ತದೆ. ಕೂಡಿ ಮಾಡಬೇಕಾದ ಒಂದು ಭಾಗ ಮಾತ್ರ ಅಲ್ಲೂ ಸರಕಾರದ ಕೈಯಲ್ಲೇ ಉಳಿದಿದೆ. ಎಲ್ಲರೂ ಒಂದೇ ವಾರ ಗುಡ್ಡಕ್ಕೆ ನುಗ್ಗಿ ರಸ್ತೆ ಕಟ್ಟಿಕೊಳ್ಳದಿರಲೆಂದು ಫ್ರಾನ್ಸು ಚಳಿಗಾಲದ ಶಾಲಾ ರಜೆಯನ್ನು ಮೂರು ವಲಯಗಳಿಗೆ ಬೇರೆಬೇರೆ ವಾರಗಳಲ್ಲಿ ಹಂಚುತ್ತದೆ. ನಮ್ಮ ಪಂಚಾಂಗ ಎಲ್ಲರನ್ನೂ ಒಂದೇ ಹುಣ್ಣಿಮೆಗೆ ಕೂಡಿಸಿತು, ಅವರ ಪಂಚಾಂಗ ಬಿಡಿಸುತ್ತದೆ.

ಉಳವಿಯ ದಾರಿ ಈಗಲೂ ನಡೆಯುತ್ತಿದೆ, ಬೇರೆ ರೂಪದಲ್ಲಿ. ಕಾಡಿನ ಒಂದು ಭಾಗ ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಎಲ್ಲೆಂದರಲ್ಲಿ ಒಲೆ ಹೂಡುವ ಕಾಲ ಹೋಯಿತು. ಗೋಪನಕೊಪ್ಪದ ಸುತ್ತ ಹೊಲಗಳು ನಿವೇಶನಗಳಾಗಿ, ಎತ್ತು ಸಾಕುವ ಮನೆಗಳು ಕಡಿಮೆಯಾಗಿವೆ. ಧಾರವಾಡ ಜಿಲ್ಲೆಯ ಹಳ್ಳಿಗಳಿಂದ ಇನ್ನೂ ಹೊರಡುವ ಚಕ್ಕಡಿಗಳ ಹಿಂದೆ ಟ್ರ್ಯಾಕ್ಟರುಗಳು ಬರುತ್ತವೆ, ಅವುಗಳ ಟ್ರೇಲರಿನಲ್ಲಿ ಕಣಕಿ, ಹಾಸಿಗೆ, ಪಾತ್ರೆ, ವಯಸ್ಸಾದವರು. ಮೇವಿನ ಭಾರ ಟ್ರ್ಯಾಕ್ಟರಿಗೆ ಹೋದದ್ದರಿಂದ ಎತ್ತಿಗೆ ಮಂದಿಯಷ್ಟೇ ಹೊರೆ, ದಾರಿಯೂ ಬೇಗ ಸಾಗುತ್ತದೆ. ಆದರೆ ಒಂದು ಟ್ರ್ಯಾಕ್ಟರನ್ನು ಒಂದೇ ಮನೆ ಒಯ್ಯುವುದು ದುಬಾರಿ. ಹೀಗಾಗಿ ನಾಲ್ಕಾರು ಚಕ್ಕಡಿಯವರು ಕೂಡಿ ಡೀಸೆಲ್ಲಿನ ಖರ್ಚು ಹಂಚಿಕೊಂಡರೆ ಲೆಕ್ಕ ಸರಿಹೋಗುತ್ತದೆ, ಯಾರ ಕಣಕಿ ಎಷ್ಟು ಹೊರೆ ಎಂದು ಹೊರಡುವ ಮುಂಚೆ ಕೂತು ಮಾತಾಡಿಕೊಳ್ಳಲೇಬೇಕಾಗುತ್ತದೆ.